ಹಳೇ ಕ್ಯಾಸೆಟ್ಟಿಗೊಂದು ಹೊಸ ಕಂಪ್ಯೂಟರ್

ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮದುವೆ ಮನೆಗಳಲ್ಲಿ ಲೈಟು ಹಿಡಿದು, ವೈರು ಸುತ್ತಿ, ಆಮೇಲೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಯಲಹಂಕದಲ್ಲಿ ಸ್ವಂತ ಸ್ಟುಡಿಯೋ ಮಾಡಿದೆ. ಬಾಗಲೂರಿನಿಂದ ಹೆಸರಘಟ್ಟ ರಸ್ತೆಯವರೆಗೆ ನಾನು ವಿಡಿಯೋ ತೆಗೆಯದ ಕಲ್ಯಾಣ ಮಂಟಪ ಇಲ್ಲ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಎಡಿಟಿಂಗ್‌ಗೆಂದು ಹೊಸ ಕಂಪ್ಯೂಟರ್ ಕಟ್ಟಿಸಲು ಹೊರಟಾಗ ಎಲ್ಲರೂ ವೇಗದ ಮಾತೇ ಆಡಿದರು. ನನಗೆ ವೇಗವೂ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಹೆಂಡತಿಯ ದನಿ ಬೇಕಿತ್ತು.

ಅವಳು ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಈಗ ಮಗಳು ಸೋಲದೇವನಹಳ್ಳಿಯ ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ತಾಯಿಯ ಫೋಟೋಗಳಿಗೇನೂ ಕೊರತೆಯಿಲ್ಲ, ದನಿ ಮಾತ್ರ ಎಲ್ಲೂ ಇಲ್ಲ. ನಮ್ಮ ಮದುವೆಯ ವಿಡಿಯೋಗೆ ಮೊದಲಿಂದ ಕೊನೆಯವರೆಗೂ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ. ಅವಳು ನಗುತ್ತಾಳೆ, ನನ್ನ ಕಡೆ ಬಾಗಿ ಏನೋ ಹೇಳುತ್ತಾಳೆ, ಕೇಳಿಸುವುದು ಯಾರೋ ಹಾಡಿದ್ದು.

ಅವಳ ದನಿ ಇರುವುದು ಊರವರ ಮದುವೆಯ ಕ್ಯಾಸೆಟ್ಟುಗಳಲ್ಲಿ. ಆಗ ಬೆಂಕಿಪೊಟ್ಟಣದಂಥ ಪುಟ್ಟ ಕ್ಯಾಸೆಟ್ಟುಗಳ ಕಾಲ. ಹೊಸದು ಹಾಕಿದಾಗೆಲ್ಲ ಮನೆ ಬಿಡುವ ಮೊದಲು ಒಂದು ಪರೀಕ್ಷೆ ಮಾಡುತ್ತಿದ್ದೆ. ಬಣ್ಣ ಸರಿ ಬರುತ್ತದೆಯೇ ಎಂದು ನೋಡಲು ಅವಳು ಕ್ಯಾಮೆರಾ ಮುಂದೆ ಬಿಳಿ ಹಾಳೆ ಹಿಡಿಯಬೇಕು, ಮೈಕಿಗೆ ಏನಾದರೂ ಮಾತಾಡಬೇಕು. ಎಡಿಟಿಂಗ್‌ಗೆ ಕೂತಾಗ ಮೊದಲು ಕತ್ತರಿಸಿ ಬಿಸಾಡುತ್ತಿದ್ದುದು ಆ ಚೂರನ್ನೇ. ಆದರೆ ಮೂಲ ಕ್ಯಾಸೆಟ್ಟುಗಳಲ್ಲಿ ಅದು ಉಳಿದಿರಬೇಕು. ಅವು ಸ್ಟುಡಿಯೋದ ಅಟ್ಟದ ಮೇಲೆ ಒಂದು ಡಬ್ಬದಲ್ಲಿದ್ದವು. ಹಳೇ ಕ್ಯಾಮೆರಾದ ಪರದೆ, ಸ್ಪೀಕರು, ಟೀವಿಗೆ ಕೊಡುವ ಕನೆಕ್ಷನ್ನು ಎಲ್ಲ ಸತ್ತು, ಕ್ಯಾಸೆಟ್ ತಿರುಗಿಸುವ ಮೋಟಾರು, ಕಂಪ್ಯೂಟರಿನ ವೈರು ಸಿಕ್ಕಿಸುವ ಕಿಂಡಿ ಮಾತ್ರ ಬದುಕಿದ್ದವು. ಅದರಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಫೈರ್‌ವೈರ್ ಎನ್ನುವ ಹಳೇ ಕಾರ್ಡ್ ಬೇಕು. ಈಗಿನ ಕಂಪ್ಯೂಟರುಗಳಲ್ಲಿ ಅದು ಇರುವುದೇ ಇಲ್ಲ.

ಆರ್.ಟಿ. ನಗರದ ಅಂಗಡಿಯವನು ನನಗಿಂತ ಚಿಕ್ಕವನು, ಕೆಲಸ ಬಲ್ಲವನು. ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ, ಅವನು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಕೊನೆಗೆ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ತಂದು ಮದರ್‌ಬೋರ್ಡಿನ ಮೇಲೆ ಹಿಡಿದು ತೋರಿಸಿದ.

"ಗುರುಗಳೇ, ಇದ್ ಹಾಕ್ಸಿ. ನೀವ್ ಕಾಫಿ ಕುಡ್ದ್ ಬರೋದ್ರೊಳಗೆ ಇಡೀ ಮದ್ವೆ ವಿಡಿಯೋ ರೆಂಡರ್ ಆಗಿ ರೆಡಿ ಇರತ್ತೆ."

ನನ್ನ ಕಣ್ಣು ಬೋರ್ಡಿನ ಮೇಲಿತ್ತು. ಅದರಲ್ಲಿ ಬೇರೆ ಕಾರ್ಡು ಸಿಕ್ಕಿಸಲು ಇದ್ದ ಒಂದೇ ಒಂದು ಚಿಕ್ಕ ಸ್ಲಾಟು ಆ ಇಟ್ಟಿಗೆಯ ಕೆಳಗೆ ಮುಚ್ಚಿಹೋಗಿತ್ತು.

"ಇದ್ ಬೇಡ, ತೆಳ್ಳಗಿರೋದ್ ಕೊಡಿ. ಆ ಸ್ಲಾಟ್ ಖಾಲಿ ಇರ್ಬೇಕು."

"ಯಾಕ್ ಸಾರ್, ಸೊಳ್ಳೆ ಓಡಾಡಕ್ಕಾ?"

"ಫೈರ್‌ವೈರ್ ಕಾರ್ಡ್ ಹಾಕ್ಬೇಕು."

ಅವನು ನಕ್ಕುಬಿಟ್ಟ. "ಅಯ್ಯೋ ಸಾರ್! ಹೊಸ ಕಾರ್ ತಗೊಂಡು ಮುಂದ್ಗಡೆ ಎತ್ತು ಕಟ್ತೀನಿ ಅಂತೀರಲ್ಲ! ಕ್ಯಾಸೆಟ್ ತಾನೇ? ಯಾರ್ಗಾದ್ರೂ ಕೊಟ್ರೆ ಪೆನ್‌ಡ್ರೈವ್‌ಗೆ ಹಾಕ್ಕೊಡ್ತಾರೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಊರವರ ಮದುವೆಗಳನ್ನೆಲ್ಲ ಇಷ್ಟು ವರ್ಷ ಜೋಪಾನ ಮಾಡಿದವನು ನಾನು. ನನ್ನ ಹೆಂಡತಿಯ ದನಿಯನ್ನು ನನಗಿಂತ ಮೊದಲು ಇನ್ಯಾರೋ ಹೆಡ್‌ಫೋನ್ ಹಾಕಿಕೊಂಡು ಕೇಳುವುದು ನನ್ನಿಂದ ಆಗದ ಮಾತು. ಅದನ್ನು ಅಂಗಡಿಯಲ್ಲಿ ನಿಂತು ಹೇಳುವ ಮನಸ್ಸೂ ಬರಲಿಲ್ಲ.

"ಎತ್ತೇ ಕಟ್ತೀನಿ. ನೀವ್ ಜಾಗ ಬಿಡಿ," ಎಂದೆ.

ನನ್ನ ಮುಖ ನೋಡಿ ಅವನು ತಮಾಷೆ ಬಿಟ್ಟ. ಒಳಗಿನಿಂದ ಇನ್ನೂ ಉದ್ದದ ಬೋರ್ಡು, ತೆಳುವಾದ ಗ್ರಾಫಿಕ್ಸ್ ಕಾರ್ಡು ತಂದ. "ರೆಂಡರ್ ಸ್ವಲ್ಪ ನಿಧಾನ ಆಗತ್ತೆ. ಆಮೇಲ್ ನನ್ ಬೈಬಾರ್ದು."

"ಬೈಯಲ್ಲಪ್ಪ."

ಫೈರ್‌ವೈರ್ ಕಾರ್ಡನ್ನೂ ಅವನೇ ಯಶವಂತಪುರದ ಹಳೇ ಸಾಮಾನಿನ ಅಂಗಡಿಯೊಂದಕ್ಕೆ ಫೋನ್ ಮಾಡಿ ಹುಡುಕಿಸಿಕೊಟ್ಟ. ಎಲ್ಲವನ್ನೂ ಆಟೋದಲ್ಲಿಟ್ಟುಕೊಂಡು ಹೊರಟೆ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಷ್ಟು ಹೊತ್ತೂ ಒಂದೇ ಯೋಚನೆ: ಟೇಪಿಗೆ ಬೂಷ್ಟು ಹಿಡಿದಿದ್ದರೆ?

ಭಾನುವಾರ ಬೆಳಿಗ್ಗೆ ಕ್ಯಾಮೆರಾಗೆ ವೈರು ಸಿಕ್ಕಿಸಿದೆ. ಮಗಳು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಮೊದಲನೇ ಕ್ಯಾಸೆಟ್ಟಿನಲ್ಲಿ ಬರೀ ಒಡೆದ ಚೌಕಗಳು, ಗರಗರ ಸದ್ದು. ಎರಡನೆಯದು ಹಾಕಿದಾಗ ಪರದೆಯ ತುಂಬ ಬಿಳಿ. ಇದೂ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಬಿಳಿ ಅಲುಗಾಡಿತು. ಅಂಚಿನಲ್ಲಿ ಎರಡು ಬೆರಳು ಕಂಡವು. ಹಾಳೆಯ ಹಿಂದಿನಿಂದ ಮಾತು ಬಂತು.

"ಕೇಳಿಸ್ತಿದ್ಯೇನ್ರೀ? ಒಂದು, ಎರಡು, ಮೂರು. ಬೇಗ ನೋಡಿ, ಒಲೆ ಮೇಲ್ ಹಾಲಿಟ್ಟಿದೀನಿ. ಮಗು ಬೇರೆ ಎದ್ಬಿಡತ್ತೆ. ಸಾಕಾ? ಏನ್ರೀ, ಸಾ..."

ಅಷ್ಟಕ್ಕೇ ಯಾವುದೋ ಮಂಟಪದ ನಾಗಸ್ವರ ಶುರುವಾಯಿತು. ಅಂದು ಅಲ್ಲಿ ನಿಲ್ಲಿಸುವ ಬಟನ್ ಒತ್ತಿದವನು ನಾನೇ. ಹಾಳೆ ಅವಳ ಮುಖದಿಂದ ಕೆಳಗಿಳಿಯುವವರೆಗೂ ಕಾದಿರಲಿಲ್ಲ.

ಮಗಳು ಕೇಳಿದಳು. "ಅಮ್ಮ ಇಷ್ಟ್ ಸ್ಪೀಡಾಗ್ ಮಾತಾಡ್ತಿದ್ಳಾ?"

ಹೌದು, ಅವಳ ಮಾತು ಓಡುತ್ತಿತ್ತು. ಅದು ನನಗೇ ಮರೆತುಹೋಗಿತ್ತು. ಇಷ್ಟು ವರ್ಷ ನನ್ನ ತಲೆಯೊಳಗೆ ಮಾತಾಡುತ್ತಿದ್ದವಳು ನಿಧಾನದವಳು, ಪ್ರತಿ ಮಾತಿಗೂ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಟೇಪಿನಲ್ಲಿರುವ ಇವಳು ಕಾಯುವವಳಲ್ಲ. ಇವಳಿಗೆ ಹಾಲು ಉಕ್ಕುತ್ತಿದೆ.

"ಮಗು ಅಂದಿದ್ದು ನನ್ನಾ?"

"ಇನ್ಯಾರ್ನೇ? ನಿನ್ನೇ."

ಮಗಳು ಇನ್ನೊಂದು ಸಲ ಹಾಕು ಅನ್ನಲಿಲ್ಲ. ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡು, ಮುಂದಿನ ಕ್ಯಾಸೆಟ್ಟಿನ ಧೂಳನ್ನು ದುಪಟ್ಟಾದಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು.