ಎಂಟನೇ ದಿನದ ಸೈಕಲ್ಲು

ಬೀದರ ಊರಿನ ಬಡಗಣ ದರ್ವಾಜಾ ದಾಟಿದ ಕೂಡಲೇ ದಾರಿ ಕೆಳಮುಖವಾಗುತ್ತದೆ. ಮೇಲಿನದು ಕೆಂಪು ಮುರುಮಿನ ನೆಲ. ಕೆಳಗೆ ಮಾಂಜ್ರಾ ಹೊಳೆಯ ತನಕ ಕರಿಯ ಎರೆಹೊಲ. ಎಳ್ಳಮಾಸಿ ಕಳೆದು ಹತ್ತು ದಿನವಾಗಿದೆ. ನಿನ್ನೆ ಸಂಜೆಯಿಂದ ತುಂತುರು ಮಳೆ, ಅದರ ಬೆನ್ನಿಗೆ ಬಡಗಣ ಗಾಳಿ. ಬೆಳಕು ಹರಿಯಲು ಇನ್ನೂ ಹೊತ್ತಿದೆ. ಇಂಥ ಥಂಡಿಯಲ್ಲಿ ಕೋಳಿಗಳೇ ಗೂಡಿನಿಂದ ಹೊರಗೆ ಬರುತ್ತಿಲ್ಲ, ಆದರೆ ಇಳಿಜಾರಿನಲ್ಲಿ ಒಂದು ಸೈಕಲ್ಲು ಇಳಿಯುತ್ತಿದೆ. ಮುಂದಿನ ಗಾಲಿ ಸೊಟ್ಟಗಾಗಿರುವುದರಿಂದ ಸುತ್ತಿಗೊಮ್ಮೆ ಗಾಲಿ ಹಿಡಿದ ಕಬ್ಬಿಣದ ಚಿಮಟಿಗೆಗೆ ತಾಗಿ ಟಕ್ ಎನ್ನುತ್ತದೆ. ಆ ಟಕ್ ಟಕ್ ಕೇಳಿದರೆ ಸಾಕು, ಸುತ್ತಲಿನ ಹಳ್ಳಿಗಳ ತಾಯಂದಿರು ಮಕ್ಕಳನ್ನು ಎದೆಗವಚಿಕೊಳ್ಳುತ್ತಾರೆ.

ಸೈಕಲ್ಲಿನ ಮೇಲಿರುವವನು ಗೌಸೋದ್ದೀನ. ನಿಜಾಮ ಸರ್ಕಾರದ ಟೀಕೆದಾರ, ಅಂದರೆ ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕುವವ. ವಯಸ್ಸು ನಲವತ್ತೇಳು. ತಲೆಗೆ ರುಮಾಲು, ಕಿವಿಗೆ ಹೆಂಡತಿ ವಜೀರಬೀಯ ಹಳೇ ಓಢಣಿ. ಹ್ಯಾಂಡಲ್ಲಿಗೆ ಒದ್ದೆ ಬಟ್ಟೆ ಸುತ್ತಿದ ತಗಡಿನ ಡಬ್ಬಿಯೊಂದು ತೂಗುಬಿದ್ದಿದೆ. ಅದರೊಳಗೆ ಜೋಳದ ಹೊಟ್ಟು, ಹೊಟ್ಟಿನಲ್ಲಿ ಸೂಜಿಯಷ್ಟು ತೆಳುವಾದ ಗಾಜಿನ ನಳಿಗೆಗಳು, ನಳಿಗೆಗಳಲ್ಲಿ ಹೈದರಾಬಾದಿನಿಂದ ಟಪಾಲಿನಲ್ಲಿ ಬಂದ ಮದ್ದು.

"ಕೈ ಸೆಟದು ಬ್ರೇಕು ಹಿಡದೇನೋ ಬಿಟ್ಟೇನೋ ತಿಳಿಯಂಗಿಲ್ರಿ," ಎನ್ನುತ್ತಾನೆ, ಇಳಿಜಾರು ಮುಗಿದ ಮೇಲೆ ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು. "ಕಣ್ಣಿಲೆ ನೋಡಿ ಖಾತ್ರಿ ಮಾಡ್ಕೋತೇನಿ. ಹಾಂ, ಹಿಡದೇನಿ ಅಂತ."

ಇಷ್ಟು ಥಂಡಿಯಲ್ಲೇ ಯಾಕೆ ಈ ಕೆಲಸ? ಬೇಸಿಗೆಯ ಸೆಕೆಗೆ ಮದ್ದು ಸಾಯುತ್ತದೆ. ಅದಕ್ಕೇ ದೀಪಾವಳಿಯಿಂದ ಹೋಳಿ ಹುಣ್ಣಿಮೆಯ ತನಕ ಮಾತ್ರ ದೇವಿ ಹಾಕುವ ಕಾಲ. ಥಂಡಿ ಹೆಚ್ಚಿದಷ್ಟೂ ಮದ್ದಿಗೆ ಆಯುಷ್ಯ ಹೆಚ್ಚು, ಮನುಷ್ಯನಿಗೆ ಕಡಿಮೆ. ಗೌಸೋದ್ದೀನ ಹೀಗೆ ಇಪ್ಪತ್ತೆರಡು ಚಳಿಗಾಲ ಕಳೆದಿದ್ದಾನೆ. ಮೊದಲೆಲ್ಲ ನಡೆದು ಹೋಗುತ್ತಿದ್ದ. ಸೈಕಲ್ಲು ಬಂದು ಎಂಟು ವರ್ಷ. ದಿನಕ್ಕೆ ಹೋಗಿ ಬಂದು ಆರು ಹರದಾರಿ, ಒಂದೊಂದು ದಿನ ಇಪ್ಪತ್ತೈದು ತೋಳು. ಹಾಕಿದ ಎಂಟನೇ ದಿನಕ್ಕೆ ಅದೇ ಊರಿಗೆ ಮತ್ತೆ ಹೋಗಿ, ಒಂದೊಂದು ತೋಳನ್ನೂ ನೋಡಬೇಕು. ಗುಳ್ಳೆ ಎದ್ದಿದ್ದರೆ ದಫ್ತರದಲ್ಲಿ 'ಎದ್ದದ' ಎಂದು ಬರೆಯುವುದು, ಎದ್ದಿರದಿದ್ದರೆ ಮತ್ತೆ ಹಾಕುವುದು. ಈ ಎಂಟನೇ ದಿನವೇ ಕೆಲಸದ ಜೀವಾಳ.

ಇಂದು ಹುಣಸವಾಡಿಯ ಎಂಟನೇ ದಿನ. ಅಲ್ಲಿ ಅವನು ನೋಡಬೇಕಾದದ್ದು ಒಂದೇ ತೋಳು, ಈರಮ್ಮನ ಏಳು ತಿಂಗಳ ಮಗಳದು. ಔರಾದ ಸಂತೆಗೆ ಹೋಗಿ ಬಂದವರು ಅಲ್ಲಿ ಸಿಡುಬಿನ ಅವ್ವ ಬಂದಿದ್ದಾಳೆ, ಮನೆಮನೆಗೂ ಬೇವಿನ ತೊಪ್ಪಲು ಕಟ್ಟಿದ್ದಾರೆ ಎಂದು ಹೇಳುತ್ತಿದ್ದಾರೆ. ಕೂಸಿನ ಗುಳ್ಳೆ ಎದ್ದಿರದಿದ್ದರೆ ಇನ್ನೊಮ್ಮೆ ಹಾಕಬೇಕು. ಆದರೆ ಈರಮ್ಮ ಇನ್ನೊಮ್ಮೆ ತೋಳು ಕೊಡುವವಳಲ್ಲ. ಒಮ್ಮೆ ಕೊಟ್ಟದ್ದೇ ದೊಡ್ಡದು, ಯಾಕೆಂದರೆ ಆರು ವರ್ಷದ ಹಿಂದೆ ಅವಳು ಇದೇ ಮನುಷ್ಯನ ಮುಂದೆ ತನ್ನ ಮಗನ ತೋಳು ಹಿಡಿದಿದ್ದಳು.

ಆ ಮಾತು ಕೇಳಿದವರಿಗೆ ಹೇಳಲು ಗೌಸೋದ್ದೀನನೇನೂ ಹಿಂಜರಿಯುವುದಿಲ್ಲ. ಪೆಡಲು ತುಳಿಯುತ್ತಲೇ, ಗಾಳಿಗೆ ಎದುರಾಗಿ, ತುಂಡು ತುಂಡಾಗಿ ಹೇಳುತ್ತಾನೆ.

ಆಗ ಸೈಕಲ್ಲು ಬಂದು ಎರಡೇ ವರ್ಷ. ಕೊರಕಲು ದಾರಿಯಲ್ಲಿ ಕುಲುಕಿ ನಳಿಗೆಗಳು ಪಟಪಟ ಒಡೆಯುತ್ತಿದ್ದವು. ಒಂದಿನ ವಜೀರಬೀ ಹಳೇ ರಜಾಯಿ ಬಿಚ್ಚಿ, ಅರಳೆ ತುಂಬಿ, ಅವನ ಶೇರವಾನಿಯ ಒಳಗೆ ಎದೆಯ ಮೇಲೆ ಒಂದು ಕಿಸೆ ಹೊಲಿದುಕೊಟ್ಟಳು. "ಸಂಭಾಲಕೆ ಜಾವ್ ಜೀ," ಹುಷಾರಾಗಿ ಹೋಗಿ ಬನ್ನಿ, ಎಂದಳು. ಕಿಸೆಯಲ್ಲಿಟ್ಟ ನಳಿಗೆ ಒಂದೂ ಒಡೆಯಲಿಲ್ಲ. ಕಚೇರಿಯಲ್ಲಿ ಎಲ್ಲರೂ ಶಾಬಾಸ್ ಎಂದರು. ಮೂರು ಹರದಾರಿ ಸೈಕಲ್ಲು ತುಳಿದವನ ಮೈ ಹೊರಗೆ ಥಂಡಿಗೆ ಮರಗಟ್ಟಿದ್ದರೂ ಎದೆಯೊಳಗೆ ಒಲೆಯಂತೆ ಕಾದಿರುತ್ತದೆ ಎನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಶೇರವಾನಿ ಬಿಚ್ಚಿದರೆ ಹೊಗೆಯಾಡುವಷ್ಟು ಬೆವರು. ಮದ್ದು ಊರು ಮುಟ್ಟುವ ಮೊದಲೇ ಅವನ ಎದೆಯ ಮೇಲೆ ಸತ್ತಿರುತ್ತಿತ್ತು.

ಆ ಕಿಸೆಯ ಮದ್ದು ಮೊದಲು ಹೋದದ್ದು ಹುಣಸವಾಡಿಗೆ. ಹನ್ನೊಂದು ಮಕ್ಕಳು.

"ಎಂಟನೇ ದಿನಾ ಹೋಗಿದ್ರ ಅಲ್ಲೇ ತಿಳೀತಿತ್ರಿ," ಎನ್ನುತ್ತಾನೆ. ದಾರಿಯ ಮಗ್ಗುಲಿಗೆ ಒಂಟಿ ಜಾಲಿಮರ ಬಂದಿದೆ. ಸೈಕಲ್ಲಿನಿಂದ ಇಳಿಯುತ್ತಾನೆ. ಇಲ್ಲಿಗೆ ಬಂದಾಗಲೆಲ್ಲ ಇಳಿದು, ಇಪ್ಪತ್ತು ಹೆಜ್ಜೆ ನಡೆದು, ಮತ್ತೆ ಹತ್ತುವುದು ಅವನ ರೂಢಿ. "ಇಲ್ಲೀತನಕ ಬಂದಿದ್ದೆ. ಇಂಥದೇ ಮಳಿ, ಇಂಥದೇ ಗಾಳಿ. ಕಚೇರ್ಯಾಗ ಚೈನ್ ಕಡೀತು ಅಂದೆ. ವಜೀರಬೀಗೂ ಹಂಗೇ ಅಂದೆ. ಚೈನ್ ಕಡದಿರ್ಲಿಲ್ರಿ. ಗಾಲೀನೂ ಒಡದಿರ್ಲಿಲ್ಲ. ಥಂಡಿ ಇತ್ತು, ಅಷ್ಟೇ. ಹೊಳ್ಳಿ ಹೋದೆ."

ಹೊಳ್ಳಿ ಹೋದವನು ಒಲೆಯ ಮುಂದೆ ಕೂತು, ಹನ್ನೊಂದು ಹೆಸರಿನ ಮುಂದೆಯೂ 'ಎದ್ದದ' ಎಂದು ಬರೆದ. ಮುಂದೆ ಎರಡು ಊರುಗಳಲ್ಲಿ ಗುಳ್ಳೆ ಏಳದಿರುವುದನ್ನು ಕಣ್ಣಾರೆ ಕಂಡ. ಕಿಸೆಯ ಮೇಲೆ ಅನುಮಾನಪಡದೆ, ಹೈದರಾಬಾದಿನ ಮದ್ದೇ ಕೆಟ್ಟದ್ದು ಬಂದಿರಬೇಕು ಎಂದು ಬೈದು, ಹೊಸದು ತರಿಸಿ, ಮತ್ತೆ ಮತ್ತೆ ಹಾಕಿದ. ಆಗಲೂ ಹುಣಸವಾಡಿಗೆ ಹೋಗಲಿಲ್ಲ. ಬರೆದಾಗಿತ್ತಲ್ಲ! ಬರೆದದ್ದನ್ನು ಬರೆದವನೇ ನಂಬಿಬಿಟ್ಟಿದ್ದ.

ಹೋಳಿಯ ಹೊತ್ತಿಗೆ ಹುಣಸವಾಡಿಗೆ ಅವ್ವ ಬಂದಳು. ಹನ್ನೊಂದರಲ್ಲಿ ಮೂರು ಮಕ್ಕಳನ್ನು ಒಯ್ದಳು. ಮೂರನೆಯವನು ಈರಮ್ಮನ ಮಗ ಶಿವರಾಜ. ಮೂರು ವರ್ಷದವನು, ದೇವಿ ಹಾಕುವಾಗ ಅಳದೆ ಸೈಕಲ್ಲಿನ ಘಂಟಿ ಬಾರಿಸುತ್ತಿದ್ದ.

ವಿಚಾರಣೆಗೆಂದು ಭಾಲ್ಕಿಯ ಟೀಕೆದಾರ ವೈಜಿನಾಥ ಬಂದ. ಅವನು ನಡೆದೇ ಊರೂರು ತಿರುಗುವ ಹಳೇ ಮನುಷ್ಯ. ಕಿಸೆಯೊಳಗೆ ಕೈ ಹಾಕಿ ನೋಡಿ, "ಇದೇನೋ ಗೌಸ್ಯಾ, ತತ್ತಿ ಮರಿ ಮಾಡ್ಲಿಕ್ಕ ಇಟ್ಟಿಯೇನು?" ಎಂದು ನಕ್ಕ. ನಗುತ್ತಿದ್ದಂತೆಯೇ ಅವನಿಗೂ ಅರ್ಥವಾಗಿ ಬಾಯಿ ಮುಚ್ಚಿದ. ಅಂದು ರಾತ್ರಿ ವಜೀರಬೀ ತಾನೇ ಆ ಕಿಸೆಯ ಹೊಲಿಗೆ ಬಿಚ್ಚಿದಳು. ಮೊದಲೇ ಮಾತು ಕಡಿಮೆಯವಳು. ಆಮೇಲೆ ಅದೂ ಕಡಿಮೆಯಾಯಿತು.

ಕಚೇರಿ ಮದ್ದು ಕೆಟ್ಟಿತ್ತೆಂದು ಬರೆದು ಕಡತ ಮುಚ್ಚಿತು. ಗೌಸೋದ್ದೀನ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹುಣಸವಾಡಿಯ ಚಾವಡಿಗೆ ಹೋಗಿ, ಕಿಸೆಯ ಮಾತು, ಜಾಲಿಮರದ ಮಾತು, ಎರಡನ್ನೂ ನಿಂತು ಹೇಳಿದ. ಯಾರೂ ಕೈ ಎತ್ತಲಿಲ್ಲ. ಈರಮ್ಮನ ಗಂಡ ಹಾವಗೆಪ್ಪ ಮಾತ್ರ ಎದ್ದು ಬಂದು ಸೈಕಲ್ಲಿನ ಮುಂದಿನ ಗಾಲಿಗೆ ಜಾಡಿಸಿ ಒದ್ದ. ಸೊಟ್ಟಗಾದ ಆ ಗಾಲಿಯನ್ನು ಗೌಸೋದ್ದೀನ ಈ ತನಕ ನೆಟ್ಟಗೆ ಮಾಡಿಸಿಲ್ಲ.

"ಯಾಕಂದ್ರ ಏನ್ ಹೇಳ್ಲಿ? ಬಡಿಸ್ಕೊಂಡಿದ್ದು ಅದೊಂದೇ."

ಅಂದಿನಿಂದ ಹುಣಸವಾಡಿಯ ಬಾಗಿಲುಗಳು ಮುಚ್ಚಿದವು. ಅವನು ಪ್ರತಿ ಚಳಿಗಾಲವೂ ವಾರಕ್ಕೊಮ್ಮೆ ಹೋಗಿ ಪ್ರತಿ ಬಾಗಿಲ ಮುಂದೆಯೂ ನಿಂತ. ಎರಡು ವರ್ಷಕ್ಕೆ ಒಂದು ಬಾಗಿಲು ತೆರೆಯಿತು, ಆಮೇಲೆ ನಾಲ್ಕು. ಊರಿನ ಮುದುಕರು ಈಗ ಹಳೆಯಂತೆಯೇ ಚೇಷ್ಟೆ ಮಾಡುತ್ತಾರೆ. ಇಂದೂ ಊರಬಾಗಿಲ ಬಳಿ ಬೆಂಕಿಗೆ ಮೈ ಕಾಯಿಸುತ್ತ ಕೂತ ಒಬ್ಬರು ಕೂಗಿದರು: "ಏ ಗೌಸಾ, ನಿನ್ನ ಕಬ್ಬಿಣದ ಕುದುರಿ ಕುಂಟ್ಲಿಕತ್ತದಲ್ಲೋ! ಒಂದು ಸೂಡು ಕಣಿಕಿ ಹಾಕ್ಲೇನು?"

"ಅದಕ್ಕ ಬ್ಯಾಡ್ರಿ ಯಜಮಾನ್ರ, ಮ್ಯಾಲ ಕುಂತ ಕತ್ತೆಗಿ ಹಾಕ್ರಿ," ಎಂದ ಗೌಸೋದ್ದೀನ. ಬೆಂಕಿಯ ಸುತ್ತ ನಗೆ ಎದ್ದಿತು. ಅವನು ಬೆಂಕಿಯ ಹತ್ತಿರಕ್ಕೆ ಹೋಗಲಿಲ್ಲ. ಡಬ್ಬಿ ಹ್ಯಾಂಡಲ್ಲಿನ ಮೇಲಿರುವ ತನಕ ಅವನು ಯಾವ ಬೆಂಕಿಯ ಹತ್ತಿರವೂ ಹೋಗುವುದಿಲ್ಲ.

ಈರಮ್ಮನ ಬಾಗಿಲು ಮಾತ್ರ ಆರು ವರ್ಷ ತೆರೆಯಲಿಲ್ಲ. ತೆರೆದದ್ದು ಎಂಟು ದಿನದ ಹಿಂದೆ, ಔರಾದ ಸುದ್ದಿ ಬಂದ ಮರುದಿನ. ಅದೂ ಅರ್ಧ. ಒಳಗೆ ಕರೆಯಲಿಲ್ಲ, ಹೊಸ್ತಿಲ ಮೇಲೆ ನಿಂತು ಕೂಸಿನ ತೋಳನ್ನಷ್ಟೇ ಹೊರಗೆ ಚಾಚಿದಳು. ಮೊದಲು ಅಣ್ಣಾ ಎನ್ನುತ್ತಿದ್ದವಳು ಅಂದು, "ಹಾಕ್ರಿ ಸಾಬ್ರ," ಎಂದಳು. ಅಷ್ಟೇ ಮಾತು.

ಈಗ ಬಾಗಿಲ ಮುಂದೆ ಟಕ್ ಟಕ್ ನಿಲ್ಲುತ್ತದೆ. ಗೌಸೋದ್ದೀನನ ರುಮಾಲಿನಿಂದ ನೀರು ಇಳಿಯುತ್ತಿದೆ, ಗದ್ದ ನಡುಗುತ್ತಿದೆ. ಕದ ಒಂದು ಗೇಣು ತೆರೆಯುತ್ತದೆ. ಸೆರಗಿನಲ್ಲಿ ಸುತ್ತಿದ ಕೂಸಿನ ತೋಳು ಹೊರಗೆ ಬರುತ್ತದೆ.

ಅವನು ಕೈ ಮುಂದೆ ಮಾಡಿ, ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಮಂಜುಗಡ್ಡೆಯಂಥ ಬೆರಳು. ಬಾಯಿ ಹತ್ತಿರ ಹಿಡಿದು ಉಸಿರಿನಿಂದ ಕಾಯಿಸಿಕೊಂಡು, ಆಮೇಲೆ ತೋಳು ಮುಟ್ಟುತ್ತಾನೆ. ಬಗ್ಗಿ ನೋಡುತ್ತಾನೆ. ಬೆಳಕು ಸಾಲದೆಂದು ಇನ್ನೂ ಬಗ್ಗುತ್ತಾನೆ. ಎರಡು ಗುಳ್ಳೆ. ದುಂಡಗೆ, ಮುತ್ತಿನ ಬಣ್ಣ, ಸುತ್ತ ಕೆಂಪು, ನಡುವೆ ಸಣ್ಣ ಕುಳಿ. ಹೇಗೆ ಏಳಬೇಕೋ ಹಾಗೇ ಎದ್ದಿವೆ.

"ಎದ್ದದ ಅವ್ವಾ."

"ಚಂದಾಗಿ ನೋಡ್ರಿ."

"ನೋಡ್ದೆ. ಎರಡೂ ಎದ್ದಾವ. ಇನ್ನ ನಿನ್ನ ಕೂಸಿಗಿ ಅಂಜಿಕಿ ಇಲ್ಲ."

ಈರಮ್ಮ ತೋಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಅವಳ ದನಿಯಲ್ಲಿ ಸಿಟ್ಟೂ ಇಲ್ಲ, ಇದ್ದಿದ್ದರೆ ಚೆನ್ನಾಗಿತ್ತೇನೋ.

"ಇಷ್ಟೇ ಇತ್ತಲ್ಲೋ ಅಣ್ಣಾ," ಎನ್ನುತ್ತಾಳೆ. "ಬಂದು ಒಂದು ಸಲ ನೋಡೋದು. ಇಷ್ಟೇ ಇತ್ತು."

ಕದ ಮುಚ್ಚುತ್ತದೆ.

ಊರ ಹೊರಗೆ ಬಂದು, ಹುಣಸೆಮರದ ಕೆಳಗೆ ನಿಂತು, ಅವನು ಮೇಣಬಟ್ಟೆ ಬಿಚ್ಚಿ ದಫ್ತರ ತೆಗೆಯುತ್ತಾನೆ. ಕಚೇರಿಗೋ ಮನೆಗೋ ಹೋಗಿ ಬರೆಯುವುದನ್ನು ಬಿಟ್ಟು ಆರು ವರ್ಷವಾಯಿತು. ಪೆನ್ಸಿಲು ಬೆರಳಲ್ಲಿ ನಿಲ್ಲದೆ ಮುಷ್ಟಿಯಲ್ಲಿ ಹಿಡಿದು, ಸಾಲಿಯ ಹುಡುಗನಂತೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಾನೆ.

ಏನಾದರೂ ಬೇಡಿಕೆ ಇದೆಯೇ ಎಂದರೆ, ಒಂದು ಹೊಸ ಗಾಲಿ ಎನ್ನಬಹುದು, ಒಂದು ಕಂಬಳಿ ಎನ್ನಬಹುದು ಎಂದು ಕೇಳುವವರು ಎಣಿಸುತ್ತಾರೆ. ಅವನ ಬೇಡಿಕೆ ಬೇರೆ. "ಆ ಹಳೇ ದಫ್ತರ ಇನ್ನೂ ಕಚೇರಿ ಕಪಾಟಿನ್ಯಾಗ ಅದರಿ. ಹನ್ನೊಂದು ಹೆಸರಿನ ಮುಂದ ನಾ ಬರದ ಸುಳ್ಳು ಹಂಗೇ ಅದ. ಹೊಡದು ಹಾಕ್ರಿ ಅಂತ ಆರು ಅರ್ಜಿ ಕೊಟ್ಟೆ. ವರ್ಷದ ಎಣಿಕಿ ಹೈದ್ರಾಬಾದಿಗಿ ಹೋಗಿ ಆಗ್ಯದ, ಈಗ ತಿದ್ದಿದ್ರ ಮೊತ್ತ ಕೂಡಂಗಿಲ್ಲ ಅಂತಾರ ಸಾಹೇಬ್ರು. ಸರ್ಕಾರದ ಕಾಗದದಾಗ ಶಿವರಾಜಗ ಇವತ್ತಿಗೂ ದೇವಿ ಎದ್ದದ, ಅಂವಗ ಅಂಜಿಕಿ ಇಲ್ಲ."

ದಫ್ತರ ಮಡಚಿ ಮೇಣಬಟ್ಟೆ ಸುತ್ತುತ್ತಾನೆ. ನಾಳೆ ಮತ್ತೊಂದು ಊರಿನ ಎಂಟನೇ ದಿನ. ಗಾಳಿ ಇನ್ನೂ ನಿಂತಿಲ್ಲ. ಸೈಕಲ್ಲು ಹತ್ತುವ ಮುಂಚೆ ದಫ್ತರದ ಮೇಲೆ ಒಮ್ಮೆ ಕೈಯಿಟ್ಟು, ಯಾರೋ ಕೇಳಿದರೆಂಬಂತೆ ಹೇಳುತ್ತಾನೆ:

"ಇವತ್ತಿಂದು ನೋಡಿ ಬರದೇನ್ರಿ."