ಡಾಕ್ಟರ್ ಆಂಟಿಯ ಹಿಮದ ಬೆಟ್ಟ

ಚಳಿಗಾಲದಲ್ಲಿ ಡಾಕ್ಟರ್ ಆಂಟಿಯ ಮುಖಕ್ಕೆ ಎರಡು ಬಣ್ಣ. ಕೆನ್ನೆ, ಮೂಗು ಹಿಮದ ಬಿಸಿಲಿಗೆ ಕಪ್ಪಾಗಿರುತ್ತಿದ್ದವು. ಕನ್ನಡಕ ಮುಚ್ಚಿದ್ದ ಕಣ್ಣಿನ ಸುತ್ತ ಮಾತ್ರ ತಿಳಿಬಣ್ಣ. ಸಂಕ್ರಾಂತಿಯ ಕೂಟದಲ್ಲಿ ಯಾರಾದರೂ ಕೇಳಿದರೆ, "ಏನೋ ಅಲರ್ಜಿರಿ" ಎಂದು ಎಳ್ಳು ಬಾಯಿಗೆ ಹಾಕಿಕೊಂಡು ಮುಂದೆ ಹೋಗುತ್ತಿದ್ದರು.

ವಿಜಯಪುರದ ಕಡೆಯವರು. ಅಮೆರಿಕದ ವರ್ಮಾಂಟಿನಲ್ಲಿ ಡಾಕ್ಟರ್ ತರಬೇತಿಯಲ್ಲಿದ್ದಾಗ ಅಂಕಲ್ ಜೊತೆ ಸ್ಕೀ ಕಲಿತಿದ್ದರಂತೆ. ಕೋವಿಡ್‌ನ ಮೊದಲ ವರ್ಷ ಅಂಕಲ್ ಹೋದರು. ನಾನು ವಿಚ್ಛೇದನ ಮುಗಿಸಿಕೊಂಡು ವರ್ಜಿನಿಯಾದ ಆಲ್ಡಿ ಊರಲ್ಲಿ ಆಂಟಿಯ ಪಕ್ಕದ ಮನೆಗೆ ಬಂದದ್ದು ಅದಾಗಿ ಎರಡು ವರ್ಷದ ಮೇಲೆ. ಮನೆಯಿಂದಲೇ ಕೆಲಸ, ಮೀಟಿಂಗ್ ಬಿಟ್ಟರೆ ಬಾಯಿ ತೆರೆಯುವ ಪ್ರಮೇಯವೇ ಇರಲಿಲ್ಲ. ಒಂದು ಶನಿವಾರ ಆಂಟಿ ಬಾಗಿಲು ತಟ್ಟಿದರು.

"ನಿನ್ನ ಕಾರ್ ವಾರದಿಂದ ಅಲ್ಲಾಡಿಲ್ಲ. ಬಾ, ಬೆಟ್ಟಕ್ಕ ಹೋಗೂಣು."

"ಆಂಟಿ, ನಂಗೆ ಸ್ಕೀ ಮಾಡಕ್ಕೆ ಬರಲ್ಲ."

"ನಡಿಯಾಕ್ ಬರ್ತೈತಿಲ್ಲ? ಅಷ್ಟ ಸಾಕು."

ಅವರ ಬೆಟ್ಟ ವೆಸ್ಟ್ ವರ್ಜಿನಿಯಾದಲ್ಲಿತ್ತು. ಲಿಫ್ಟ್ ಇಲ್ಲ, ಜನರೂ ಇಲ್ಲ. ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ರೋಮದ ಪಟ್ಟಿ ಅಂಟಿಸಿಕೊಂಡು ಹತ್ತಬೇಕು. ತುದಿಯಲ್ಲಿ ಅದನ್ನು ಕಿತ್ತು ಇಳಿಯಬೇಕು. ಇಳಿಯಲು ಅಗಲವಾದ ಹುಲ್ಲುಗಾವಲಿತ್ತು, ಸ್ಪ್ರೂಸ್ ಮರಗಳ ನಡುವಿನ ದಾರಿಯಿತ್ತು, ಉತ್ತರಕ್ಕೆ ಕಡಿದಾದ ಕೊರಕಲೊಂದಿತ್ತು. ಆಂಟಿ ನನ್ನನ್ನು ಹುಲ್ಲುಗಾವಲಿನಲ್ಲೇ ಇಳಿಸುತ್ತಿದ್ದರು. ಹತ್ತುವಾಗ ಮಾತಿಲ್ಲ. ನಾನು ಬಿದ್ದರೆ ಎತ್ತುತ್ತಲೂ ಇರಲಿಲ್ಲ. "ಅವಸರಿಲ್ಲ, ಏಳು" ಎಂದು ದೂರ ನಿಂತಿರುತ್ತಿದ್ದರು. ತುದಿಯಲ್ಲಿ ಥರ್ಮಾಸಿನ ಚಹಾ, ಶೇಂಗಾ ಹೋಳಿಗೆ.

ಎರಡನೆಯ ಚಳಿಗಾಲ. ಒಂದು ದಿನ ತುದಿಯಲ್ಲಿ, "ನೀ ಹುಲ್ಲಿನ ಕಡಿಂದ ಇಳದು ಕೆಳಗ ನಿಲ್ಲು, ನಾ ಹಿಂಗ ಬರ್ತೀನಿ" ಎಂದು ಕೊರಕಲಿನತ್ತ ತಿರುಗಿದರು. ಅಂಕಲ್ ಇಳಿಯುತ್ತಿದ್ದ ದಾರಿ ಅದು.

ಕೆಳಗೆ ಕಾದೆ. ಆಂಟಿ ಬರಲಿಲ್ಲ. ಕೂಗಿದೆ, ಗಾಳಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಪಟ್ಟಿ ಅಂಟಿಸಿಕೊಂಡು ಕೊರಕಲು ಹತ್ತಿದೆ. ಅರ್ಧ ದಾರಿಯಲ್ಲಿ ಆಂಟಿ ಸ್ಕೀ ಬಿಚ್ಚಿಟ್ಟು, ಮರಕ್ಕೆ ಒರಗಿ ಕೂತಿದ್ದರು.

"ಬಿದ್ರಾ ಆಂಟಿ?"

"ಇಲ್ಲವ್ವ. ಅವರು ಬಾ ಬಾ ಅಂತ ಎಷ್ಟ್ ಕರದ್ರೂ ಒಮ್ಮೆನೂ ಬರಲಿಲ್ಲ ನಾ. ಅಂಜಿಕಿ. ಇಲ್ಲೇನ್ ಅಂಥಾದ್ದೈತಿ ನೋಡೂಣು ಅಂತ ಬಂದೆ."

"ಏನಿದೆ?"

"ಏನೂ ಇಲ್ಲ. ಗಿಡ ಅದಾವು, ಹಿಮ ಐತಿ." ಕೊರಕಲನ್ನು ಮೇಲಿಂದ ಕೆಳಗೆ ನೋಡಿ, "ಭಾಳ ಚಂದ ಐತಿ" ಎಂದರು.

ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಇಬ್ಬರೂ ಸ್ಕೀ ಹೆಗಲಿಗೇರಿಸಿಕೊಂಡು ನಡೆದೇ ಇಳಿದೆವು.

ಮುಂದಿನ ಹಿಮ ಬೀಳುವ ಮೊದಲೇ ಆಂಟಿ ನಿದ್ದೆಯಲ್ಲಿ ತೀರಿಕೊಂಡರು. ಸಿಯಾಟಲಿನಿಂದ ಮಗ ಬಂದರು. ಎಲ್ಲ ಮುಗಿದ ಮೇಲೆ, ಗರಾಜಿನಲ್ಲಿ ಒರಗಿಸಿಟ್ಟಿದ್ದ ಸ್ಕೀಗಳನ್ನು ನೋಡಿ ನಿಂತುಬಿಟ್ಟರು.

"ಅಮ್ಮ ಸ್ಟಿಲ್ ಸ್ಕೀ ಮಾಡ್ತಿದ್ರಾ? ಅಲೋನ್?"

"ಇಲ್ಲ, ಜೊತೇಲಿ ನಾನಿರ್ತಿದ್ದೆ."

"ಥ್ಯಾಂಕ್ ಗಾಡ್" ಎಂದು ಅವರು ಕಣ್ಣೊರೆಸಿಕೊಂಡರು.

ಆಂಟಿಯೇ ಒಮ್ಮೆ ಹೇಳಿದ್ದಂತೆ, ನಾನು ಆಲ್ಡಿಗೆ ಬರುವ ಮೊದಲಿನ ಎರಡು ಚಳಿಗಾಲ ಅವರು ಆ ಬೆಟ್ಟವನ್ನು ಒಬ್ಬರೇ ಹತ್ತಿ ಒಬ್ಬರೇ ಇಳಿದಿದ್ದರು. ಅದನ್ನು ಮಗನಿಗೆ ಹೇಳಲು ನನ್ನಿಂದಾಗಲಿಲ್ಲ.