ಆಜಿಗೆ ಉಳಿದ ಮಾತು

ಅವರ ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕೆಗಳಿದ್ದವು. ಮಾತು ಶುರುವಾಗುವ ಮೊದಲು ಆ ಚುಕ್ಕೆಗಳು ಒಂದಿಷ್ಟು ಅಲುಗುತ್ತಿದ್ದವು. ಎದುರಿಗಿದ್ದವರ ಹತ್ತಿರ ಯಾವ ಭಾಷೆ ಆಡಬೇಕು ಎಂದು ನಾಲಗೆ ಒಳಗೇ ಹುಡುಕುತ್ತಿರುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಕುಂದಾಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ಮರಾಠಿಯವರು. ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದ, ಇಲ್ಲೇ ಹತ್ತಿರದ ತ್ರಾಸಿ ಕಡೆಯವರನ್ನು ಮದುವೆಯಾಗಿ, ಆಯುಷ್ಯದ ಬಹುಪಾಲು ಅಲ್ಲೇ ಕಳೆದು, ಕೂದಲು ಬೆಳ್ಳಗಾದ ಮೇಲೆ ಗಂಡನ ಜೊತೆ ಇಲ್ಲಿಗೆ ಬಂದವರು. ಮಕ್ಕಳಿರಲಿಲ್ಲ. ನನ್ನ ಮಕ್ಕಳಿಗೆ ತಮ್ಮನ್ನು ‘ಆಜಿ’ ಎಂದು ಕರೆಯಲು ಅವರೇ ಹೇಳಿಕೊಟ್ಟರು. ಮರಾಠಿಯಲ್ಲಿ ಅಜ್ಜಿ ಎಂದರ್ಥ. ಮಕ್ಕಳಿಂದ ನನಗೂ ಅದೇ ರೂಢಿಯಾಯಿತು.

ಬ್ರಹ್ಮಾವರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೀನಿನವಳಿಗೆ ಈ ಹೆಸರು ಕೇಳಿದರೆ ನಗು.

“ನಮ್ ತುಳು ಮಾತಂಗೆ ಆಜಿ ಅಂದ್ರೆ ಐದ್ ಆರ್ ಅಂಬ ಆರ್ ಮಾರಾಯ್ರೆ. ಇವ್ರ್ ಎಂತ, ಆರ್ ಜನವಾ?”

“ಪೇಟೆ ಅಂಗಡಿ ಕೊಂಕಣಿಯವ್ರಿಗೆ ನಾನ್ ಇವತ್ತ್,” ಅಂದರು ಆಜಿ, ಬಂಗುಡೆಯ ಕಿವಿರು ಎತ್ತಿ ನೋಡುತ್ತಾ. “ಅವ್ರ್ ಮಾತಂಗೆ ಆಜಿ ಅಂದ್ರೆ ಇವತ್ತ್ ಅಂಬ್ರ್. ನಾಳೆಯ ಲೆಕ್ಕ ಯಾರ್ ಮಾತಂಗೂ ಇಲ್ಲೆ ನಂಗೆ. ಇದ್ ನಿನ್ನೆ ಮೀನ್ ಅಲ್ದಾ?”

“ಅಯ್ಯ, ಈಗ ದೋಣಿ ಇಳ್ದದ್ದ್.”

“ಯಾವ್ ದೋಣಿ, ನಿಮ್ಮ್ ಅಜ್ಜಂದಾ?”

ಹೀಗೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ, ಒಂದು ಮಾತು ಅವರ ಮನೆಯಲ್ಲಿ ಏನಾಗುತ್ತದೆ ಎಂದು ಕೇಳುವುದು ಅವರ ಚಾಳಿ. ನಾವು ತೆಂಗಿನ ‘ಕಾಯ್’ ಎನ್ನುವುದು ಅವರ ಮರಾಠಿಯಲ್ಲಿ ‘ಏನು’ ಎಂಬ ಪ್ರಶ್ನೆ. ನಮ್ಮಲ್ಲಿ ಹೆತ್ತವಳಾದ ‘ತಾಯಿ’ ಅವರಲ್ಲಿ ಅಕ್ಕ. ಹೇಳುವಾಗ ನಗುತ್ತಿದ್ದರು. ನಗು ಮುಗಿದ ಮೇಲೆ ಅದೇ ಮಾತನ್ನು ಇನ್ನೊಮ್ಮೆ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅದೇ ಅಕ್ಷರ, ಅದೇ ಉಚ್ಚಾರ, ಆದರೆ ಅದರೊಳಗೆ ತಮ್ಮವರು ಯಾರೂ ಇಲ್ಲ ಎಂಬುದು ಅವರಿಗೆ ಬರೀ ತಮಾಷೆಯಾಗಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವರು ಮುಂಬಯಿಗೆ ವಾಪಸು ಹೋಗುತ್ತಾರೆ ಎಂದೇ ಕೇರಿಯವರೆಲ್ಲ ಅಂದುಕೊಂಡಿದ್ದರು. ಹೋಗಲಿಲ್ಲ. ಅಲ್ಲಿ ಹೋಗಿ ನಿಲ್ಲಲು ಯಾರೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಮೊರದಲ್ಲಿ ಹುರುಳಿ ಗೇರುತ್ತಾ, ತಾವು ಇಲ್ಲಿಗೆ ಬಂದದ್ದು ಯಾಕೆ ಎಂದು ಹೇಳಿದರು.

“ಅವ್ರಿಗೆ ಮಿದುಳಂಗೆ ರಕ್ತ ಕಟ್ತ್ ಅಲ್ದಾ, ಆಗ ಮರಾಠಿ ಹೋಯ್ತ್, ಹಿಂದಿ ಹೋಯ್ತ್. ಇಡೀ ಆಯುಷ್ಯ ನನ್ ಹತ್ರ ಮರಾಠಿ ಆಡ್ದವ್ರ್. ಆಸ್ರಿ, ಆಸ್ರಿ ಅಂತ್ರ್. ನಂಗೆ ಎಂತ ಗೊತ್ತ್? ಎಲ್ಲಿ ನೋವಾತ್ತ್ ಅಂದೇಳಿ ಮೈಯೆಲ್ಲ ಮುಟ್ಟಿ ಕಂಡೆ. ಕಡೀಗೆ ಹೋಟ್ಲಿಂದ ಈ ಬದಿ ಬೈಂದೂರಿನ ಅಡ್ಗಿಯವ್ರ್ ಬಂದ್ ಹೇಳ್ರ್, ಅಮ್ಮ, ಅವ್ರಿಗೆ ಕುಡೂಕೆ ಬೇಕಂಬ್ರ್.”

ಆ ದಿನವೇ ಅವರು ನಿರ್ಧಾರ ಮಾಡಿದ್ದರು. ಗಂಡನ ಮಾತು ತಿಳಿಯುವ ಜನ ಎಲ್ಲಿದ್ದಾರೋ ಅಲ್ಲಿಗೆ ಕರೆದುಕೊಂಡು ಬಂದರು. ತಾವೂ ಕುಂದಾಪ್ರ ಕನ್ನಡ ಕಲಿತರು, ಅದೂ ಮಾತು ಎಡವುತ್ತಿದ್ದ ರೋಗಿಯ ಬಾಯಿಂದ. ಹಾಗಾಗಿ ಅವರ ಕನ್ನಡದಲ್ಲಿ ನೀರು, ಗಂಜಿ, ಬಾಗಿಲು, ದೀಪ ಇವೆಲ್ಲ ಸ್ಪಷ್ಟ. ಉಳಿದದ್ದು ಕೊಂಚ ತೊದಲು.

“ನಂಗೂ ಹಾಂಗೇ ಆದ್ರೆ?” ಅಂದರು. “ಕಡೀಗೆ ಮರಾಠಿ ಒಂದೇ ಉಳ್ದ್ರೆ, ಈ ಊರಂಗೆ ಯಾರಿಗ್ ಗೊತ್ತಾತ್ತ್ ಹೇಳ್ ಹೆಣ್ಣೇ? ನೀನ್ ಕಲೀ.”

ಹೊಲಿಗೆ, ಅಡುಗೆ ಕಲಿಯುವ ವಯಸ್ಸೂ ದಾಟಿದ್ದ ನಾನು ಮರಾಠಿ ಕಲಿಯಲು ಕೂತೆ. ಮಧ್ಯಾಹ್ನದ ಚಾ ಆದಮೇಲೆ ದೇವರ ದೀಪ ಹಚ್ಚುವವರೆಗೆ ಅವರ ಮನೆಯಲ್ಲಿ ಕನ್ನಡ ಆಡಬಾರದು ಎಂದು ಕಟ್ಟುಪಾಡು. ಬಸಳೆ ಸೋಸುತ್ತಾ, ಅಕ್ಕಿಯ ಕಲ್ಲು ಹೆಕ್ಕುತ್ತಾ ಕಲಿತೆ. ತಪ್ಪಿದರೆ ಅವರು ತಿದ್ದುತ್ತಿರಲಿಲ್ಲ, ಅದೇ ಮಾತನ್ನು ಸರಿಯಾಗಿ ತಾವೊಮ್ಮೆ ಆಡಿ ಮುಂದೆ ಹೋಗುತ್ತಿದ್ದರು. ಎಲ್ಲಿ ನೋಯುತ್ತದೆ, ಚಳಿಯಾಗುತ್ತದೆಯೇ, ಹೊದಿಸಲೇ, ಯಾರನ್ನು ಕರೆಯಲಿ: ಇವನ್ನು ಮಾತ್ರ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಯಾವುದಕ್ಕೆ ತಯಾರಿ ಎಂದು ಇಬ್ಬರಿಗೂ ಗೊತ್ತಿತ್ತು.

ವರ್ಷಗಳು ಕಳೆದವು. ಅವರ ಬಾಲ್ಯದ ಬಾವಿ, ಸಿಟ್ಟಿನ ಅಪ್ಪ, ಎಳೆಯದರಲ್ಲೇ ಹೋದ ತಂಗಿ, ಎಲ್ಲ ಆ ಭಾಷೆಯಲ್ಲಿ ನನ್ನದಾಯಿತು. ಕನ್ನಡದಲ್ಲಿ ಅವರು ಅಳುವುದನ್ನು ನಾನು ನೋಡಿದ್ದಿಲ್ಲ.

ಹೋದ ಮಳೆಗಾಲದಲ್ಲಿ ಬಚ್ಚಲಿನ ಬಳಿ ಬಿದ್ದರು. ಗಂಡನಿಗೆ ಆದಂತೆಯೇ ಮಿದುಳಿನಲ್ಲಿ ರಕ್ತ ಕಟ್ಟಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಚುಕ್ಕೆಗಳು ಅಲುಗಿದವು. ನಾನು ಬಗ್ಗಿದೆ. ಇಷ್ಟು ವರ್ಷ ಕಲಿತದ್ದೆಲ್ಲ ನಾಲಗೆಯ ತುದಿಗೆ ಬಂದು ನಿಂತಿತ್ತು.

“ಬಾಗ್ಲ್ ಹಾಕಿದ್ಯಾ?” ಅಂದರು. “ಹಾಲ್ ಕಾಸಿದ್ಯಾ?”

ಕುಂದಾಪ್ರ ಕನ್ನಡ. ಒಂದು ತೊದಲೂ ಇಲ್ಲ. ಕೇಳಿದ್ದು ಸರಿಯೇ ಎಂದು ತಿಳಿಯದೆ ನಾನು ಮರಾಠಿಯಲ್ಲೇ ಉತ್ತರಿಸಿದೆ: “ಹೋ, ದಾರ್ ಲಾವ್ಲಂ.” ಬಾಗಿಲು ಹಾಕಿದ್ದೇನೆ ಎಂದು. ಅವರು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು.

“ಇದ್ ಎಂತ ಹೇಳ್ತೆ? ನಂಗೆ ಒಂದೂ ತಿಳೂದಿಲ್ಲೆ.”

ಇನ್ನೊಮ್ಮೆ ಹೇಳಿದೆ, ನಿಧಾನವಾಗಿ. ಹಣೆ ಗಂಟಿಕ್ಕಿತು. ಭಯ ಕಾಣಿಸಿತು. ಹುಟ್ಟಿದ ಮನೆಯ ಮಾತು ಹೊರಟು ಹೋಗಿತ್ತು. ಗಂಡನ ಹಾಸಿಗೆಯ ಪಕ್ಕದಲ್ಲಿ ಕಲಿತದ್ದು ಮಾತ್ರ ಉಳಿದಿತ್ತು.

“ಬಾಗ್ಲ್ ಹಾಕಿದೆ ಆಜಿ,” ಅಂದೆ ಆಗ. “ಹಾಲ್ ಕಾಸಿಟ್ಟಿದೆ. ನೀವ್ ಮನಿಕಣಿ, ನಿದ್ರಿ ಮಾಡಿ.”

ಮುಖ ಸಡಿಲವಾಯಿತು. “ಹಾಂ, ಹಾಂಗಾರ್ ಅಡ್ಡಿಲ್ಲೆ,” ಅಂದರು. ಅಲ್ಲಿಂದ ಮುಂದೆ ಆಸ್ಪತ್ರೆಯವರೆಲ್ಲರಿಗೂ ಅವರ ಮಾತು ತಿಳಿಯುತ್ತಿತ್ತು. ನೀರೆಂದರೆ ನೀರು ಸಿಕ್ಕಿತು, ಚಳಿ ಅಂದರೆ ಹೊದಿಕೆ ಸಿಕ್ಕಿತು. ಯಾವುದಕ್ಕೆ ಹೆದರಿದ್ದರೋ ಅದು ಆಗಲಿಲ್ಲ. ಒಂದು ಬೆಳಿಗ್ಗೆ, ದಾದಿಯ ಹತ್ತಿರ ಗಂಜಿ ಸಾಕು ಎಂದು ಹೇಳಿ, ಮಗ್ಗುಲಾಗಿ ಮಲಗಿದವರು ಏಳಲಿಲ್ಲ.

ಈಗ ಸಂಜೆಯ ಹೊತ್ತಿಗೆ, ಕೈಯಲ್ಲಿ ಏನೋ ಕೆಲಸ ಇರುವಾಗ, ಮರಾಠಿ ನನ್ನ ಬಾಯಿಗೆ ತಾನಾಗಿ ಬರುತ್ತದೆ. ಅರ್ಧ ಆಡಿ ನಿಲ್ಲಿಸುತ್ತೇನೆ, ಕೇಳುವವರು ಈ ಊರಲ್ಲಿ ಯಾರೂ ಇಲ್ಲ. ಅವರು ಇಷ್ಟು ವರ್ಷ ಹೇಗೆ ಬದುಕಿದರು ಎಂದು ನನಗೆ ಸರಿಯಾಗಿ ತಿಳಿದದ್ದು ಈಗಲೇ. ಅವರು ಕೊಟ್ಟ ಭಾಷೆಯಲ್ಲಿ ಅವರಿಗೊಂದು ಕೊನೆಯ ಮಾತು ಹೇಳಲು ಮಾತ್ರ ನನ್ನಿಂದಾಗಲಿಲ್ಲ.